ಬೀಸುಕಲ್ಲಿನ ಮುಂದೆ ಇಬ್ಬರು

ಬನಹಟ್ಟಿಯ ನಮ್ಮ ಸಭೆಯ ಹೆಂಗಸರು ಜೋಡಿಯಾಗಿ ಬೀಸುವುದನ್ನು ನಿಲ್ಲಿಸಿದ್ದಾರೆ ಎಂಬ ಸುದ್ದಿ ನನಗೆ ಮುಟ್ಟಿದ್ದು ಮುಧೋಳದ ಸಂತೆಯಲ್ಲಿ, ಬದನೆಕಾಯಿ ಆರಿಸುತ್ತ ಕೂತಾಗ. ಹೇಳಿದವರು ಬನಹಟ್ಟಿ ಸಭೆಯ ಹಿರಿಯರು. ಕೈಮಗ್ಗದ ನೇಕಾರರು ಅವರು. ಸೀರೆಗಳ ಗಂಟು ಹೊತ್ತು ಮಾರಲು ಬಂದಿದ್ದರು. ನನ್ನನ್ನು ಕಂಡದ್ದೇ ಗಂಟನ್ನು ನೆಲಕ್ಕಿಳಿಸಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು.

"ಉಪದೇಶಿಗಳ, ದೊಡ್ಡ ಫಜೀತಿ ಆಗೇತ್ರಿ. ಒಬ್ಬಾಕಿ ಕಲ್ಲಿನ ಮುಂದ ಕುಂತ್ರ ಇನ್ನೊಬ್ಬಾಕಿ ಹತ್ತರ ಸುಳಿಯಂಗಿಲ್ಲ."

"ಜಗಳಾಡ್ಯಾರೇನು?"

"ಜಗಳಾ ಆಗಿದ್ರ ನಾನ ಬಿಡಸ್ತಿದ್ನಿ. ಇದು ಬೈಬಲ್ ವಚನದಿಂದ ಆಗಿದ್ದು. ಸುಗ್ಗಿಹಬ್ಬ ತಲಿ ಮ್ಯಾಲ ಬಂದೈತಿ, ನಾಕೂ ಕಡಿ ಮಂದಿ ಬರೂದೈತಿ. ರೊಟ್ಟಿಗೆ ಹಿಟ್ಟು ಎಲ್ಲಿಂದ ತರೂನ್ರಿ?"

ನನಗೆ ಮೊದಲು ನಗು ಬಂತು. ಹಿರಿಯರು ನಗಲಿಲ್ಲ. ಆಗ ಬದನೆಕಾಯಿ ಬುಟ್ಟಿಗೆ ಹಾಕಿ ಸರಿಯಾಗಿ ಕೇಳಿಸಿಕೊಂಡೆ.

ನಾನು ಜಮಖಂಡಿಯಲ್ಲಿ ಮನೆ ಮಾಡಿಕೊಂಡು ಮುಧೋಳ, ಬೀಳಗಿ, ರಬಕವಿ, ಬನಹಟ್ಟಿಗಳ ಸಣ್ಣಪುಟ್ಟ ಕ್ರೈಸ್ತ ಸಭೆಗಳಿಗೆ ಸೈಕಲ್ಲು, ಬಸ್ಸು, ಸಿಕ್ಕರೆ ಚಕ್ಕಡಿ ಹತ್ತಿ ತಿರುಗುತ್ತಿದ್ದ ಉಪದೇಶಿ. ದೀಕ್ಷಾಸ್ನಾನ ಕೊಡುವುದು, ಪ್ರಭುಭೋಜನದ ರೊಟ್ಟಿ ಮುರಿಯುವುದು ಆಗೊಮ್ಮೆ ಈಗೊಮ್ಮೆ ಬರುವ ಪಾದ್ರಿ ಅಯ್ಯನವರ ಕೆಲಸ. ವಚನ ಓದಿ ಅರ್ಥ ಹೇಳುವುದು, ಅರ್ಥ ಹೇಳಿದ ಮೇಲೆ ಹುಟ್ಟುವ ತಂಟೆಗಳನ್ನು ಬಿಡಿಸುವುದು ನನ್ನ ಪಾಲಿನದು. ಸಂಸ್ಥಾನಗಳು ಮುಂಬೈ ರಾಜ್ಯದಲ್ಲಿ ಕರಗಿ ಬಹಳ ಕಾಲವಾಗಿರಲಿಲ್ಲ. ಸಂತೆಯಲ್ಲಿ ನಿಂತು "ದೇವರ ರಾಜ್ಯ ಬರುತ್ತದೆ" ಎಂದರೆ ಸಾಕು, "ಇದ್ದ ರಾಜ್ಯಾನ ಹೋತು, ನೀವ್ಯಾವ ರಾಜ್ಯ ತರತೀರಿ?" ಎಂದು ಮಂದಿ ಕಾಲೆಳೆಯುತ್ತಿದ್ದರು. ಅದಕ್ಕೆ ನಾನು ಸಿದ್ಧನಿದ್ದೆ. ಬೀಸುಕಲ್ಲಿಗೆ ಸಿದ್ಧನಿರಲಿಲ್ಲ.

ಆದದ್ದು ಇಷ್ಟು. ನಾನು ಬೀಳಗಿಯ ಕಡೆ ಇದ್ದಾಗ ದೂರದ ಊರಿನ ಸಂಚಾರಿ ಬೋಧಕನೊಬ್ಬ ಬನಹಟ್ಟಿಗೆ ಬಂದಿದ್ದ. ಬಟ್ಟೆಯ ಮೇಲೆ ಬರೆದ ದೊಡ್ಡ ದೊಡ್ಡ ಚಿತ್ರಗಳನ್ನು ಕೋಲಿಗೆ ತೂಗುಹಾಕಿ ಲೋಕದ ಕೊನೆಗೆ ಪ್ರಭು ಮತ್ತೆ ಬರುತ್ತಾನೆಂಬ ಎರಡನೆಯ ಬರುವಿಕೆಯನ್ನು ಸಾರಿದ್ದ. ಸುವಾರ್ತೆಯಲ್ಲಿ ಪ್ರಭುವೇ ಹೇಳಿದ ಮಾತೊಂದಿದೆ: ಆ ದಿನ ಇಬ್ಬರು ಹೆಂಗಸರು ಒಂದೇ ಕಲ್ಲಿನಲ್ಲಿ ಬೀಸುತ್ತಿರುತ್ತಾರೆ, ಒಬ್ಬಳನ್ನು ಒಯ್ಯಲಾಗುತ್ತದೆ, ಇನ್ನೊಬ್ಬಳನ್ನು ಬಿಡಲಾಗುತ್ತದೆ. ಬೇರೆ ಸೀಮೆಯವರಿಗೆ ಇದು ಕೇಳಿ ಮರೆಯುವ ಮಾತು. ನಮ್ಮ ಕಡೆ ಹಾಗಲ್ಲ. ಇಲ್ಲಿ ಬೆಳಗಾದರೆ ಪ್ರತಿ ಮನೆಯಲ್ಲೂ ಇಬ್ಬರು ಹೆಂಗಸರು ಎದುರುಬದುರು ಕೂತು, ಒಂದೇ ಗೂಟಕ್ಕೆ ಇಬ್ಬರೂ ಕೈ ಹಾಕಿ, ಹಾಡುತ್ತ ಜೋಳ ಬೀಸುತ್ತಾರೆ. ಬೋಧಕನ ಬಟ್ಟೆಯಲ್ಲಿ ಅದೇ ಇತ್ತು. ಒಬ್ಬಳು ಎಳೆಯ ಹುಡುಗಿ, ಬೆಳ್ಳಗಿನವಳು, ಮುಗಿಲಿಗೆ ಏರುತ್ತಿದ್ದಳು. ಇನ್ನೊಬ್ಬಳು ಮುದುಕಿ, ಸುಕ್ಕು ಬಿದ್ದ ಕಪ್ಪು ಮುಖದವಳು, ಗೂಟ ಹಿಡಿದುಕೊಂಡೇ ಬಾಯಿ ಬಡಿದುಕೊಳ್ಳುತ್ತಿದ್ದಳು. ಮರುದಿನದಿಂದ ಯಾವ ಹೆಂಗಸೂ ಇನ್ನೊಬ್ಬಳ ಎದುರು ಕೂರಲು ತಯಾರಿಲ್ಲ. ಕೂತರೆ ತಾನೆ ಒಬ್ಬಳನ್ನು ಬಿಡುವುದು!

"ಅದಕ್ಕ ನಾನಂದೆ," ಎಂದರು ಹಿರಿಯರು, "ಹಬ್ಬದ ಜೋಳಾ ಇಂಜಿನ್ ಗಿರಣಿಗೆ ಹಾಕ್ಸೂನು. ಗಿರಣಿ ಮುಂದ ಇಬ್ಬರು ಅಂತ ವಚನದಾಗ ಎಲ್ಲೂ ಇಲ್ಲಲ್ರಿ!"

ಭಲೇ ಜಾಣತನ. ಹೆಂಗಸರು ಅದನ್ನೂ ಒಪ್ಪಿರಲಿಲ್ಲ. ಗಿರಣಿಯ ಬಿಸಿಗೆ ಹಿಟ್ಟು ಸತ್ತುಹೋಗುತ್ತದೆ, ಬಡಿಯುವಾಗ ರೊಟ್ಟಿ ಹರಿಯುತ್ತದೆ ಎಂದು ಹಿರಿಯರ ಹೆಂಡತಿಯೇ ಗದರಿದ್ದಳಂತೆ.

"ಇಷ್ಟ ಆಗಿದ್ರ ನಿಮ್ಮತನಕ ತರತಿರಲಿಲ್ಲ," ಎಂದು ಹಿರಿಯರು ದನಿ ಇಳಿಸಿದರು. "ಆ ಮುದುಕಿ ಪ್ರಭುಭೋಜನಕ್ಕ ಬರಂಗಿಲ್ಲ ಅಂದಾಳ್ರಿ."

ಯಾವ ಮುದುಕಿ ಎಂದು ಕೇಳಬೇಕಾಗಲಿಲ್ಲ. ಬನಹಟ್ಟಿಯಲ್ಲಿ ಮೊದಲು ದೀಕ್ಷಾಸ್ನಾನ ತೆಗೆದುಕೊಂಡ ಹೆಂಗಸು ಆಕೆ. ಗಂಡ ಮುಂಬೈ ಮಿಲ್ಲಿಗೆ ಹೋದವನು ತಿರುಗಿ ಬರಲಿಲ್ಲ. ಕ್ರೈಸ್ತಳಾದ ದಿನ ತವರಿನವರು ಬಾಗಿಲು ಹಾಕಿಕೊಂಡರು. ಒಬ್ಬ ಮಗನನ್ನು ನೂಲು ಸುತ್ತಿ ಸಾಕಿ, ಮಗ್ಗಕ್ಕೆ ಕೂರಿಸಿ, ಮದುವೆ ಮಾಡಿದ್ದಳು. ಬೀಸುವ ಹಾಡಿನಲ್ಲಿ ಆ ಓಣಿಯಲ್ಲಿ ಆಕೆಯನ್ನು ಮೀರಿಸುವವರಿರಲಿಲ್ಲ. ಬೇರೆ ಜಾತಿಯ ನೇಕಾರ ಹೆಂಗಸರೂ ತಮ್ಮ ಕಲ್ಲು ನಿಲ್ಲಿಸಿ ಕಿವಿ ಕೊಡುತ್ತಿದ್ದರು. ಅಂಥವಳು ಪ್ರಭುವಿನ ಪಂಕ್ತಿ ಬೇಡ ಎಂದಿದ್ದಳು.

ಮರುದಿನವೇ ಬನಹಟ್ಟಿಗೆ ಹೋದೆ. ಓಣಿಯ ತುಂಬ ಮಗ್ಗಗಳ ಖಟಖಟ ಇತ್ತು, ಬೀಸುವ ಸದ್ದಿರಲಿಲ್ಲ. ಮುದುಕಿ ಪಡಸಾಲೆಯಲ್ಲಿ ದೊಡ್ಡ ಕಲ್ಲನ್ನು ಒಬ್ಬಳೇ ತಿರುಗಿಸಲು ಹೆಣಗುತ್ತಿದ್ದಳು. ಸೊಸೆ, ತುಂಬಿದ ಬಸುರಿ, ಹಿತ್ತಲಲ್ಲಿ ಬೇಳೆ ಒಡೆಯುವ ಪುಟ್ಟ ಕಲ್ಲು ಇಟ್ಟುಕೊಂಡು ಜೋಳ ಬೀಸುತ್ತ ಕಣ್ಣೊರೆಸಿಕೊಳ್ಳುತ್ತಿದ್ದಳು. ಒಂದೇ ಮನೆ, ಎರಡು ಕಲ್ಲು!

"ಏನಿದು ಹುಚ್ಚಾಟ?" ಎಂದು ನಾನು ರೇಗಿದೆ. ನನ್ನ ಸ್ವಭಾವವೇ ಹಾಗೆ, ಮೊದಲು ರೇಗಿ ಆಮೇಲೆ ಕೂರುವವನು.

ಮುದುಕಿ ಕೈ ನಿಲ್ಲಿಸಿದಳು. "ಆ ಚಿತ್ರದಾಗ ಬಿಟ್ಟಾಕಿ ಮಾರಿ ನೀವು ನೋಡಿಲ್ಲ. ನಂದ ಮಾರಿ ಐತ್ರಿ ಅದು. ಎಲ್ಲಾರೂ ನನ್ನ ಕಡೆ ತಿರುಗಿ ನೋಡಿದ್ರು. ಗಂಡ ಬಿಟ್ಟು ಹ್ವಾದ, ತವರು ಮನಿಯವ್ರು ಬಿಟ್ರು. ಇನ್ನ ಆತನೂ ಬಂದು, ನನ್ನ ಸೊಸಿನ್ನ ಕರಕೊಂಡು, ನನ್ನ ಬಿಟ್ಟ ಹೋಗತಾನಂದ್ರ... ಹೋಗಲಿ ಬಿಡ್ರಿ. ಬಿಡೂ ಹೆಂಗಸಿಗೆ ಆತನ ಪಂಗತಿ ಯಾಕ?"

ನಂಬಿಕೆ ಇಡು, ಪ್ರಾರ್ಥನೆ ಮಾಡು ಎಂದು ಏನೋ ತೊದಲಿದೆ. ಆಕೆ ನನಗೆ ನೀರು, ಬೆಲ್ಲ ಕೊಟ್ಟು ಮರ್ಯಾದೆಯಿಂದಲೇ ಸಾಗಹಾಕಿದಳು.

ಜಮಖಂಡಿಗೆ ಬಂದು ಆ ಅಧ್ಯಾಯ ತೆರೆದು ಕೂತೆ. ಕನ್ನಡದಲ್ಲಿ ಓದಿದೆ, ಮರಾಠಿಯಲ್ಲಿ ಓದಿದೆ. ಎರಡರಲ್ಲೂ ಒಬ್ಬಳು ಹೋಗುತ್ತಾಳೆ, ಒಬ್ಬಳು ಉಳಿಯುತ್ತಾಳೆ. ಹಬ್ಬಕ್ಕೆ ಅಯ್ಯನವರು ಬರುವುದರೊಳಗೆ ಆ ಮುದುಕಿಗೆ ಒಂದು ದಾರಿ ತೋರಿಸದಿದ್ದರೆ ನಾನು ಉಪದೇಶಿ ಅನ್ನಿಸಿಕೊಳ್ಳುವುದರಲ್ಲಿ ಏನು ಅರ್ಥ ಎಂದು ತಲೆ ಕೆಟ್ಟುಹೋಯಿತು. ಕೊನೆಗೆ ನಮ್ಮ ಓಣಿಯ ಹಳೆಯ ಕಾರಕೂನರ ಬಳಿ ಹೋದೆ.

ಅವರು ಬ್ರಾಹ್ಮಣರು, ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ. ಸಂಸ್ಥಾನದ ಕಚೇರಿಯಲ್ಲಿ ಹುಕುಂಗಳನ್ನು ಓದಿ ಅರ್ಥ ಮಾಡುವುದರಲ್ಲಿ ಅವರದು ಎತ್ತಿದ ಕೈ. ನಮ್ಮ ಧರ್ಮಕ್ಕೂ ಅವರಿಗೂ ಸಂಬಂಧವಿಲ್ಲ, ಆದರೆ ಬರಹ ಎಂದರೆ ಬಿಡುವವರಲ್ಲ. ನಾನು ವಚನ ಓದಿ, ಮುದುಕಿಯ ಸಂಕಟವನ್ನೂ ಹೇಳಿದೆ.

"ಅಹೋ, ಇದು ನಮ್ಮ ಕಥಿನ ಅದ ಅಲ್ರೀ," ಎಂದರು ಅವರು. "ವಿಲೀನ ಆದಾಗ ಒಂದ ಮೇಜಿನ ಮುಂದ ನಾವು ಇಬ್ಬರು ಕಾರಕೂನರು ಇದ್ವಿ. ಅವನ್ನ ಹೊಸ ನೌಕರಿಗೆ ತಗೊಂಡ್ರು, ನನ್ನ ಬಿಟ್ರು. ಯಾಕಂತ ನನಗ ಇವತ್ತಿಗೂ ತಿಳದಿಲ್ಲ. ಮುದುಕಿ ಸಂಕಟ ಖರೆ ಅದ. ಆದರ ನೀವು ಓದೂ ಪದ್ಧತಿ ತಪ್ಪು. ಹುಕುಮಿನ ನಡುವಿನ ಒಂದು ಸಾಲು ಹಿಡದು ಅಳಬಾರದು. ತಲಿಯಿಂದ ಓದ್ರಿ. ಕಡೀತನಕ ಓದ್ರಿ."

ಅವರ ಎದುರಿಗೇ ಹಿಂದಕ್ಕೆ ಹೋಗಿ ಓದಿದೆ. ಬೀಸುಕಲ್ಲಿಗೆ ಸ್ವಲ್ಪ ಮೊದಲು ನೋಹನ ಕಾಲದ ಜಲಪ್ರಳಯದ ಮಾತು ಬರುತ್ತದೆ. ಮಂದಿ ಉಣ್ಣುತ್ತ ಕುಡಿಯುತ್ತ ಇದ್ದಾಗ ನೀರು ಬಂದು ಎಲ್ಲರನ್ನೂ ಒಯ್ದಿತು, ಬರುವಿಕೆಯೂ ಹಾಗೆಯೇ ಇರುತ್ತದೆ ಎಂದು. ನಾನು ಕೂತಲ್ಲೇ ಎಗರಿದೆ. ನೀರು ಒಯ್ದದ್ದು ಯಾರನ್ನು? ಕೆಟ್ಟವರನ್ನು! ಉಳಿದವರು ಯಾರು? ದೋಣಿಯೊಳಗಿನ ನೋಹ, ಅವನ ಮಕ್ಕಳು, ಸೊಸೆಯರು! ಅಂದಮೇಲೆ ಒಯ್ಯಲ್ಪಟ್ಟವಳು ಕೆಟ್ಟಳು, ಬಿಡಲ್ಪಟ್ಟವಳು ಬದುಕಿದಳು. ಚಿತ್ರದವನು ತಲೆಕೆಳಗು ಮಾಡಿದ್ದ. "ಸಿಕ್ತು!" ಎಂದು ಕೂಗಿ ಚಪ್ಪಲಿ ಮೆಟ್ಟಿದೆ. "ಕಡೀತನಕ ಓದ್ರಿ ಅಂದೆ," ಎಂದು ಕಾರಕೂನರು ಹಿಂದಿನಿಂದ ಅನ್ನುತ್ತಿದ್ದುದು ಕೇಳಿಸಿತು, ಆದರೆ ಬಸ್ಸಿನ ವೇಳೆ ಆಗಿತ್ತು.

ಮುದುಕಿಯ ಪಡಸಾಲೆಯಲ್ಲಿ ಅತ್ತೆ ಸೊಸೆ ಇಬ್ಬರನ್ನೂ ಕರೆದು, ಹಿರಿಯರನ್ನು ಸಾಕ್ಷಿಗೆ ಕೂರಿಸಿಕೊಂಡು, ನೋಹನಿಂದ ಶುರುಮಾಡಿ ರಸವತ್ತಾಗಿ ಹೇಳಿದೆ. ಕೃಷ್ಣೆಯ ಮಹಾಪೂರ ಕಂಡ ಮಂದಿಗೆ ಪ್ರಳಯ ತಿಳಿಸಿಕೊಡಬೇಕಿಲ್ಲ. ಬಿಟ್ಟವರೇ ಧನ್ಯರು ಎಂದು ಮುಗಿಸಿದಾಗ ಮುದುಕಿಯ ಮುಖ ಅರಳಿತು. "ಹೌದೇನ್ರಿ?" ಎಂದಳು. ನನಗೆ ಕಿರೀಟ ಇಟ್ಟಷ್ಟು ಸಂತೋಷವಾಯಿತು.

ಆಗ ಸೊಸೆ ಬಾಯಿಬಿಟ್ಟಳು. "ಹಂಗಾರ ಹೊಳಿ ಒಯ್ಯೂದು ನನ್ನನ್ನೇನ್ರಿ?" ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. "ಕೂಸಿನ್ನ ಸಹಿತ?"

ಒಂದು ಕಣ್ಣಿನ ನೀರು ಒರೆಸಲು ಹೋಗಿ ಇನ್ನೊಂದಕ್ಕೆ ಬೆರಳು ಹಾಕಿದ್ದೆ. ಮುದುಕಿ ಸೊಸೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಮುಖದ ಮೇಲಿನ ಆ ಬೆಳಕನ್ನು ತಾನೇ ನಂದಿಸಿಕೊಂಡಳು.

"ಈ ಅರ್ಥ ಬ್ಯಾಡ್ರಿ, ಉಪದೇಶಿ," ಎಂದಳು. "ಮದಲಿನ ಅರ್ಥನ ಇರಲಿ. ನನ್ನ ಬಿಟ್ರ ಬಿಡಲಿ. ಈ ಹುಡುಗಿನ್ನ ಹೊಳಿಗೆ ಹಾಕಬ್ಯಾಡ್ರಿ."

ಹಿರಿಯರು ಮುಖ ತಿರುಗಿಸಿ ಮೂಗು ಸೀನಿಕೊಂಡರು. ನನ್ನ ಕಣ್ಣಲ್ಲೂ ನೀರು ಬಂತು. ತನ್ನ ಪಾಲಿಗೆ ಬಂದ ಸ್ವರ್ಗವನ್ನು ಒಬ್ಬ ಹೆಂಗಸು ಸೊಸೆಗಾಗಿ ಹಾಗೆ ತಿರುಗಿಸಿ ಕೊಡುವುದನ್ನು ನಾನು ಯಾವ ಬೋಧನೆಯಲ್ಲೂ ಕೇಳಿರಲಿಲ್ಲ. ಆದರೆ ಕೆಲಸ ಕೆಟ್ಟಿತ್ತು. ಎರಡು ಕಲ್ಲುಗಳು ಎರಡಾಗಿಯೇ ಉಳಿದವು, ಪಂಕ್ತಿಗೆ ಬಾ ಎಂದು ಕರೆಯಲು ನನಗೆ ಬಾಯಿ ಬರಲಿಲ್ಲ.

ಬಸ್ ನಿಲ್ಲುವ ಬೇವಿನ ಮರದ ಕೆಳಗೆ ಕೂತು ಅಧ್ಯಾಯವನ್ನು ಕೊನೆಯತನಕ ಓದಿದೆ. ಬಸ್ಸು ಬಂತು, ಹೋಯಿತು, ನಾನು ಹತ್ತಲಿಲ್ಲ. ಬಿಡಿಸಿ ಬಿಡಿಸಿ ನೋಡಿದರೆ ನನಗೆ ಕಂಡದ್ದು ಸರಳವಾಗಿತ್ತು. ಪ್ರಭು ಆ ಇಬ್ಬರಲ್ಲಿ ಒಬ್ಬಳು ಮುದುಕಿ, ಒಬ್ಬಳು ಎಳೆಯಳು ಎಂದಿಲ್ಲ. ಬಣ್ಣ ಹೇಳಿಲ್ಲ, ಹೆಸರು ಹೇಳಿಲ್ಲ. ಇಬ್ಬರೂ ಒಂದೇ ಕೆಲಸದಲ್ಲಿದ್ದರು ಅಷ್ಟೆ. ಸುಕ್ಕು, ಕಪ್ಪು, ಎಲ್ಲ ಕುಂಚ ಹಿಡಿದವನು ಸೇರಿಸಿದ್ದು. ಆ ದಿನ ಯಾವಾಗ ಎಂದು ಯಾರಿಗೂ ತಿಳಿಯದು ಎಂದು ಪ್ರಭುವೇ ಅನ್ನುತ್ತಾನೆ. ತಿಳಿಸದೆ ಇಟ್ಟದ್ದನ್ನು ಚಿತ್ರದವನೂ ಹೇಳಿದ್ದ, ನಾನೂ ಹೇಳಿದ್ದೆ. ಮುಂದೆ ಕೆಲವೇ ಸಾಲುಗಳ ಕೆಳಗೆ ಮತ್ತೊಂದು ಮಾತಿತ್ತು. ಅದನ್ನು ಓದಿ ಎದ್ದು ನಿಂತೆ, ಮತ್ತೆ ಹಿರಿಯರ ಮನೆಗೇ ನಡೆದೆ.

"ಹಬ್ಬದ ಹಿಂದಿನ ದಿನ ಮುಂಜಾನೆ ಇಡೀ ಸಭಿಯನ್ನ ಮುದುಕಿ ಪಡಸಾಲಿಗೆ ಕರೀರಿ," ಎಂದೆ. "ಪ್ರಸಂಗ ಮಾಡಂಗಿಲ್ಲ. ಯಾರನ್ನ ಒಯ್ಯತಾರ, ಯಾರನ್ನ ಬಿಡತಾರ ಅಂತ ಕೇಳಿದ್ರ ನನಗ ಗೊತ್ತಿಲ್ಲ ಅಂತ ಹೇಳಾಂವ."

ಹಿರಿಯರು ಹೌಹಾರಿದರು. "ಉಪದೇಶಿನ ಗೊತ್ತಿಲ್ಲ ಅಂದ್ರ ಮಂದಿ ನಗತಾರ್ರಿ! ನಾಳಿಗೆ ನಿಮ್ಮ ಮಾತ ಯಾರ ಕೇಳತಾರ?"

"ನಗಲಿ," ಎಂದೆ.

ಆ ಮುಂಜಾನೆ ಪಡಸಾಲೆ ತುಂಬಿ ಕಟ್ಟೆಯ ಮೇಲೂ ಜನ ಕೂತರು. ಬೇಲಿಯಾಚೆ ನೆರೆಯ ನೇಕಾರ ಹೆಂಗಸರೂ ತಮಾಷೆ ನೋಡಲು ನಿಂತರು. ನಡುವೆ ಆ ದೊಡ್ಡ ಕಲ್ಲು. ನಾನು ನೋಹನಿಂದ ಶುರುಮಾಡಿ ಓದಿದೆ, ಬೀಸುಕಲ್ಲಿನ ಸಾಲಿಗೆ ಬಂದಾಗ ಪುಸ್ತಕ ಇಳಿಸಿದೆ. "ಇವರಾಗ ಯಾರು ಹೋಗತಾರ, ಯಾರು ಉಳೀತಾರ, ನನಗ ಗೊತ್ತಿಲ್ಲ. ಚಿತ್ರಾ ಬರದಾಂವಗೂ ಗೊತ್ತಿಲ್ಲ. ಪ್ರಭು ಹೇಳಿಲ್ಲ. ಯಾರ ಮಾರಿ ನೋಡಿನೂ ಹೇಳಾಕ ಬರಂಗಿಲ್ಲ. ಹಂಗ ಬಟ್ಟು ಮಾಡಿ ತೋರಿಸಿದವ್ರು ತಪ್ಪು ಮಾಡೀರಿ."

ಯಾರೂ ನಗಲಿಲ್ಲ. ಒಂದಿಬ್ಬರು ತಲೆ ತಗ್ಗಿಸಿದರು. ಮುದುಕಿ ಕಂಬಕ್ಕೆ ಒರಗಿ ಕೂತವಳು ಸಿಟ್ಟಿನಿಂದಲೇ ಕೇಳಿದಳು: "ಗೊತ್ತಿಲ್ಲ ಅಂದು ಕೈ ಝಾಡಿಸಿದ್ರ ಹೆಂಗ್ರಿ? ಆತ ಬರೂತನಕ ನಾ ಏನ ಮಾಡ್ಲಿ? ಅಂಜಿಕೊಂತ ಕೂಡ್ಲೇನು?"

"ಯವ್ವಾ, ಅದನ್ನ ಯಾರರ ಕೇಳಲಿ ಅಂತ ಕಾಯಾಕತ್ತಿದ್ನಿ," ಎಂದು ಮುಂದಿನದನ್ನು ಓದಿದೆ. ಅಲ್ಲಿ ಪ್ರಭು ಒಬ್ಬ ನಂಬಿಗಸ್ತ ಆಳಿನ ಮಾತು ಹೇಳುತ್ತಾನೆ. ಯಜಮಾನ ಊರಿಗೆ ಹೋಗುವಾಗ ಮನೆಮಂದಿಗೆ ಹೊತ್ತುಹೊತ್ತಿಗೆ ಊಟ ಹಾಕುವ ಕೆಲಸ ಆ ಆಳಿಗೆ ಒಪ್ಪಿಸುತ್ತಾನೆ. ತಿರುಗಿ ಬಂದಾಗ ಅವನು ಅದೇ ಕೆಲಸದಲ್ಲಿ ಕಂಡರೆ ಅವನೇ ಧನ್ಯ.

ಮುದುಕಿ ಮುಂದಕ್ಕೆ ಬಗ್ಗಿದಳು. "ಇನ್ನೊಮ್ಮೆ ಓದ್ರಿ."

ಓದಿದೆ.

"ಊಟಾ ಹಾಕೂದಾ? ಅಷ್ಟ?"

"ಅಷ್ಟ. ಎಚ್ಚರಿರ್ರಿ ಅಂದಾನ. ಎಚ್ಚರಿರೂದು ಅಂದ್ರ ಮುಗಲ ನೋಡಿಕೊಂತ ಕೂಡೂದಲ್ಲ. ಹಿಟ್ಟು ಬೀಸೂದು, ರೊಟ್ಟಿ ಬಡಿಯೂದು, ಹಸದವ್ರಿಗೆ ಹಾಕೂದು. ನಾಳೆ ನಾಕೂ ಕಡಿಂದ ಹಸದ ಮಂದಿ ಬರತಾರ. ಇಲ್ಲಿ ಕಲ್ಲು ಸುಮ್ನ ಕುಂತಾವು."

ಸೊಸೆ ಎದ್ದಳು. ಭಾರದ ಹೊಟ್ಟೆ ಹೊತ್ತು ನಿಧಾನ ಬಂದು ಕಲ್ಲಿನ ಒಂದು ಬದಿಗೆ ಕೂತು ಗೂಟ ಹಿಡಿದಳು.

"ಅತ್ತಿ, ಬಾ."

"ಬಂದೆ ಅನ್ನು. ಆತ ನನ್ನ ಬಿಟ್ಟು ನಿನ್ನ ಒಯ್ದ್ರ?"

"ನಾ ಗೂಟಾ ಬಿಟ್ರಲ್ಲ ಒಯ್ಯೂದು!" ಎಂದಳು ಹುಡುಗಿ. "ಬೇಕಾದ್ರ ಕಲ್ಲ ಸಹಿತ ಇಬ್ಬರನೂ ಎತ್ಕೊಂಡು ಹೋಗಲಿ."

ಪಡಸಾಲೆ ನಕ್ಕಿತು. ಬೇಲಿಯಾಚೆಯ ಹೆಂಗಸರೂ ನಕ್ಕರು. ಹಿರಿಯರು ಗಾಬರಿಯಾಗಿ ನನ್ನ ಕಡೆ ನೋಡಿದರು. ಇಂಥ ಸಿದ್ಧಾಂತ ಯಾವ ಪಾಠಶಾಲೆಯಲ್ಲೂ ಇಲ್ಲ, ತಿದ್ದುವುದು ಉಪದೇಶಿಯ ಧರ್ಮ. ನಾನು ತಿದ್ದಲಿಲ್ಲ. ದೇವರಾಣೆ, ನಾನೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದೆ.

ಮುದುಕಿ "ಹುಚ್ಚಿ, ಮೂಳಿ" ಎಂದು ಬಯ್ಯುತ್ತ ಬಂದು ಎದುರು ಕೂತಳು. ಸೊಸೆಯ ಕೈ ಮೇಲೆ ತನ್ನ ಕೈ ಇಟ್ಟಳು. ಕಲ್ಲು ತಿರುಗಿತು. ಸ್ವಲ್ಪ ಹೊತ್ತಿಗೆ ಆಕೆಯ ಗಂಟಲೂ ಬಿಟ್ಟುಕೊಂಡಿತು. ಯಜಮಾನ ಬಂದ ಬಾಗಿಲಿಗೆ, ಹಿಟ್ಟಿನ ಕೈಯಲ್ಲೇ ಬಾಗಿಲು ತೆಗೆದೆ ಎಂದು ಅಲ್ಲೇ ಕಟ್ಟಿ ಅಲ್ಲೇ ಹಾಡಿದಳು.

ಆಮೇಲಿನ ಗದ್ದಲ ಏನು ಹೇಳಲಿ! ಹೆಂಗಸರು ಸೆರಗು ಸಿಕ್ಕಿಸಿ ಮನೆಗಳಿಗೆ ಓಡಿದರು. ಸಂಜೆತನಕ ಓಣಿಯಲ್ಲಿ ಕಲ್ಲಿನ ಸದ್ದು ಮಗ್ಗದ ಸದ್ದನ್ನು ಮುಳುಗಿಸಿತು. ನೆರೆಯ ಹೆಂಗಸರು, ನಮ್ಮ ವಚನಕ್ಕೂ ತಮಗೂ ಸಂಬಂಧವಿಲ್ಲದವರು, "ಒಂದ ಮಣ ನಮಗೂ ಕೊಡ್ರಿ" ಎಂದು ಜೋಳ ಇಸಿದುಕೊಂಡು ಬೀಸಿ ಕೊಟ್ಟರು. ಗಿರಣಿಯ ಯೋಜನೆ ಹಾಕಿದ್ದ ಹಿರಿಯರು ಹೆಂಡತಿಯ ಎದುರು ಗೂಟ ಹಿಡಿದು ಕೂತು, ಒಂದು ಹಿಡಿ ಹಿಟ್ಟು ಬೀಳುವುದರೊಳಗೆ ಸೊಂಟ ಹಿಡಿದುಕೊಂಡು ಎದ್ದರು. ಗೆದ್ದೆವು ಎಂದು ನನಗೆ ಕುಣಿಯುವಷ್ಟು ಹಿಗ್ಗು. ಆದರೂ ಒಂದು ಅಳುಕಿತ್ತು. ಬೀಸಿದಳು ಸರಿ, ಪಂಕ್ತಿಗೆ ಬರುತ್ತೇನೆ ಎಂದು ಮುದುಕಿ ಇನ್ನೂ ಹೇಳಿರಲಿಲ್ಲ.

ಹಬ್ಬದ ದಿನ ಬೀಳಗಿಯವರು ಶೇಂಗಾ ತಂದರು, ಮುಧೋಳದವರು ಬೆಲ್ಲದ ಪೆಂಟಿ ತಂದರು, ಜಮಖಂಡಿಯವರು ಹಸಿವೆ ತಂದರು. ನಮ್ಮ ಗುಡಿ ಚಿಕ್ಕದು, ಅರ್ಧ ಮಂದಿ ಹೊರಗೆ ಚಪ್ಪರದಲ್ಲಿ ಕೂತರು. ಅಯ್ಯನವರಿಗೆ ನಡೆದದ್ದನ್ನೆಲ್ಲ ಮುಂಚೆಯೇ ಹೇಳಿದ್ದೆ. ಅವರು ರೊಟ್ಟಿ ಮುರಿದು ಸಾಲಿನಲ್ಲಿ ಕೊಡುತ್ತ ಬಂದರು. ನಾನು ದ್ರಾಕ್ಷಾರಸದ ಬಟ್ಟಲು ಹಿಡಿದು ಹಿಂದೆ ನಡೆಯುತ್ತ ಹೆಂಗಸರ ಕಡೆ ನೋಡುವ ಧೈರ್ಯವಾಗದೆ ನೆಲ ನೋಡುತ್ತಿದ್ದೆ. ಅಯ್ಯನವರ ಕಾಲು ನಿಂತಿತು. ತಲೆ ಎತ್ತಿದರೆ ಎದುರಿಗೆ ಮುದುಕಿ ಮೊಣಕಾಲೂರಿದ್ದಳು.

"ಯವ್ವಾ," ಎಂದರು ಅಯ್ಯನವರು ಮೆಲ್ಲಗೆ, "ಅಂಜಿಕಿ ಹೋತೇನು?"

ಮೆಲ್ಲಗೆ ಮಾತಾಡುವುದು ಆಕೆಗೆ ಬರುತ್ತಿರಲಿಲ್ಲ. ಚಪ್ಪರದವರಿಗೂ ಕೇಳುವಂತೆ ಹೇಳಿದಳು:

"ಒಯ್ಯೂದು, ಬಿಡೂದು ಆತನ ಕೆಲಸ ಐತ್ರಿ. ಹಿಟ್ಟು ನನ್ನ ಕೆಲಸ. ಬರಲಿ ಆತ. ಉಣ್ಣಾಕ ಹಾಕತೇನಿ."

ಎರಡೂ ಅಂಗೈ ಜೋಡಿಸಿ ಚಾಚಿದಳು. ಗೂಟ ಹಿಡಿದು ಎದ್ದ ಬೊಬ್ಬೆ ಕೆಂಪಗಿತ್ತು. ಅಯ್ಯನವರು ಆ ಕೈಯಲ್ಲಿ ರೊಟ್ಟಿ ಇಟ್ಟರು.